ಅಕ್ಕ ಓದಿ ಹೇಳಿದ ಕಾದಂಬರಿ

ಪುಸ್ತಕ ಚೆನ್ನಾಗಿತ್ತು, ಸಿನಿಮಾದವರು ಕೆಡಿಸಿದರು ಎಂದು ನಾನು ಎದೆ ತಟ್ಟಿಕೊಂಡು ವಾದ ಮಾಡಿದ್ದು ಬದುಕಿನಲ್ಲಿ ಒಂದೇ ಸಲ. ಆ ಪುಸ್ತಕವನ್ನು ನಾನು ಓದಿರಲಿಲ್ಲ. ಅಕ್ಕ ಓದಿ ಹೇಳಿದ್ದಳು.

ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಜತ್ತ ತಾಲೂಕಿನಲ್ಲಿ ಒಂದೇ ಮನೆಯ ಮಕ್ಕಳು ಬೇರೆ ಬೇರೆ ಭಾಷೆಯಲ್ಲಿ ಅಕ್ಷರ ಕಲಿಯುವುದು ಹೊಸದೇನಲ್ಲ. ಅಕ್ಕ ಶೇಗಾಂವದ ಅಜ್ಜಿಯ ಮನೆಯಲ್ಲಿ ಬೆಳೆದು ಮರಾಠಿ ಶಾಲೆಗೆ ಹೋದಳು. ನಾನು ಅವ್ವನ ಹತ್ತಿರವೇ ಉಳಿದು ಕನ್ನಡ ಶಾಲೆಗೆ ಹೋದೆ. ಮನೆಯ ಮಾತು ಇಬ್ಬರದೂ ಕನ್ನಡವೇ. ಮರಾಠಿ ನನಗೆ ಮಾತಾಡಲು ಬರುತ್ತದೆ, ಬಸ್ಸಿನ ಬೋರ್ಡು ಓದುತ್ತೇನೆ. ದಪ್ಪ ಪುಸ್ತಕ ಕಂಡರೆ ಮಾತ್ರ ಕೈಕಾಲು ತಣ್ಣಗಾಗುತ್ತವೆ.

ಅಕ್ಕನಿಗೂ ನನಗೂ ಜಗಳವಾಗುತ್ತಿದ್ದದ್ದು ಸೀರೆಗಲ್ಲ, ಬಂಗಾರಕ್ಕಲ್ಲ, ಸಿನಿಮಾಕ್ಕೆ. ಗಂಡನ ಊರು ಯಳವಿಯಿಂದ ಆಕೆ ಬಂದಳೆಂದರೆ ಇಬ್ಬರೂ ಗೋಡೆಗೆ ಒರಗಿ, ಹಿಂದಿಗೆ ಡಬ್ ಮಾಡಿದ ಸೂಪರ್‌ಹೀರೋ ಸಿನಿಮಾಗಳನ್ನು ಒಂದೇ ಮೊಬೈಲಿನಲ್ಲಿ ನೋಡುತ್ತಿದ್ದೆವು. ನನಗೆ ಹಾರುವವರು ಇಷ್ಟ, ಅವಳಿಗೆ ತಪ್ಪು ಹುಡುಕುವುದು ಇಷ್ಟ. ಊರೆಲ್ಲ ಉಳಿಸುವವನು ಹೆತ್ತ ತಾಯಿಗೆ ಯಾಕೆ ಮುಖ ಮುಚ್ಚಿಕೊಳ್ಳಬೇಕು ಎನ್ನುವಳು. ಸತ್ತ ನಾಯಕ ಮುಂದಿನ ಭಾಗದಲ್ಲಿ ಎದ್ದು ಬಂದನೆಂದರೆ ಮೊಬೈಲನ್ನೇ ಮಗುಚಿ ಇಡುವಳು.

“ಸತ್ತಂವ ಸತ್ತಂಗ ಇರಬೇಕು. ಇಲ್ಲಂದ್ರ ನಾವ್ ಅತ್ತಿದ್ದು ಯಾತಕ್ಕ?”

“ಕಥಿ ಐತಿ ಬಿಡಬೇ ಅಕ್ಕಾ. ಅಂವ ಬಂದ್ರ ನಿನಗೇನ್ ತ್ರಾಸ?”

“ಸುಳ್ಳ ಹೇಳಿ ಸಮಾಧಾನ ಮಾಡ್ತಾರ. ನನಗ ಸೇರೂದಿಲ್ಲ.”

ಎರಡು ವರ್ಷದ ಹಿಂದೆ ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಸಾಂಗಲಿಯ ಡಾಕ್ಟರು ಭಾವನನ್ನೂ ನನ್ನನ್ನೂ ಹೊರಗೆ ಕರೆದು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು. ಅವಳಿಗೆ ಮಾತ್ರ ಹುಣ್ಣು ಎಂದೆವು, ಗುಳಿಗೆಗೆ ಕರಗುತ್ತದೆ ಎಂದೆವು. ನಮ್ಮ ಕಡೆ ಬೇನೆ ಬಿದ್ದವರಿಗೆ ನಿಜ ಹೇಳುವ ರೂಢಿ ಇಲ್ಲ. ನೋಡಲು ಬಂದವರನ್ನು ಅವ್ವ ಅಂಗಳದಲ್ಲೇ ನಿಲ್ಲಿಸಿ, “ಒಳಗ ಯಾರೂ ಕಣ್ಣಾಗ ನೀರ್ ತರಬ್ಯಾಡ್ರಿ” ಎಂದು ತಾಕೀತು ಮಾಡಿ ಬಿಡುತ್ತಿದ್ದಳು.

ಆರೈಕೆಗೆಂದು ತವರಿಗೆ ಬರುವಾಗ ಅಕ್ಕ ಒಂದು ದಪ್ಪ ಮರಾಠಿ ಕಾದಂಬರಿ ತಂದಿದ್ದಳು. ಅದು ಸಿನಿಮಾ ಆಗುತ್ತಿದೆ ಎಂಬ ಸುದ್ದಿ ಇತ್ತು. “ಸಿನಿಮಾ ಬರೂದ್ರಾಗ ನಿನಗ ಪೂರಾ ಓದಿ ಹೇಳ್ತೀನಿ. ಇಲ್ಲಂದ್ರ ಅವರು ತೋರಿಸಿದ್ದ ಖರೇ ಅಂತ ಕುಣೀತಿ” ಎಂದಳು.

ಮಧ್ಯಾಹ್ನ ನಾನು ಮಷೀನಿನಲ್ಲಿ ಬ್ಲೌಸ್ ಹೊಲಿಯುತ್ತ ಕೂತರೆ, ಅವಳು ಮಲಗಿದಲ್ಲೇ ಎರಡು ಸಾಲು ಮನಸ್ಸಿನಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದಳು. ಕೊಂಕಣದ ಒಬ್ಬ ಸೂಲಗಿತ್ತಿಯ ಕಥೆ. ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿದ ಆ ಹೆಂಗಸು ಬೇನೆ ಬಿದ್ದು, ತಂಗಿಯನ್ನು ಕರೆದುಕೊಂಡು ಮುಂಬಯಿಗೆ ಹೋಗುತ್ತಾಳೆ. ಅಕ್ಕನ ಬಾಯಲ್ಲಿ ಅವರೆಲ್ಲ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದರು.

“ಕೊಂಕಣದಾಗ ಸಜ್ಜಿ ರೊಟ್ಟಿ ಎಲ್ಲಿಂದ ಬಂತಬೇ?”

“ಬಾಯಿ ಮುಚ್ಚಿ ಕೇಳು. ಅನ್ನಾ ತಿಂತಾರ ಅಂದ್ರ ನಿನಗ ಹೊಟ್ಟಿ ತುಂಬೂದಿಲ್ಲ.”

ಕೊನೆಯ ಅಧ್ಯಾಯದ ಹೊತ್ತಿಗೆ ಅವಳ ದನಿ ಎಷ್ಟು ಇಳಿದಿತ್ತೆಂದರೆ ಮಷೀನು ನಿಲ್ಲಿಸಿ ಕೇಳಬೇಕಾಗಿತ್ತು. ಸೂಲಗಿತ್ತಿ ಬೇನೆಯಿಂದ ಆರಾಮಾಗಿ, ತಂಗಿಯ ಕೈ ಹಿಡಿದುಕೊಂಡು ಊರಿನ ಬಸ್ಸಿಳಿಯುತ್ತಾಳೆ ಎಂದು ಹೇಳಿ ಪುಸ್ತಕ ಮುಚ್ಚಿದಳು. ಎಂಟು ದಿನಕ್ಕೆ ಅಕ್ಕ ತೀರಿಹೋದಳು.

ಈ ವರ್ಷ ಸಿನಿಮಾ ಬಂತು. ಅದರಲ್ಲಿ ಸೂಲಗಿತ್ತಿ ಮುಂಬಯಿಯ ಆಸ್ಪತ್ರೆಯಲ್ಲೇ ಸಾಯುತ್ತಾಳೆ. ನನಗೆ ಮೈ ಉರಿದುಹೋಯಿತು. ಜನರನ್ನು ಅಳಿಸುವುದಕ್ಕೆ ಒಳ್ಳೆಯ ಕಥೆಯ ಕತ್ತು ಹಿಸುಕಿದ್ದಾರೆ ಎಂದು, ಸೀರೆಗೆ ಫಾಲ್ ಹಚ್ಚಿಸಲು ಬಂದವರಿಗೆಲ್ಲ ಹೇಳಿದೆ. ಬ್ಲೌಸ್ ಹೊಲಿಸಲು ಬರುವ ಮರಾಠಿ ಶಾಲೆಯಲ್ಲಿ ಕಲಿಸುವ ಬಾಯಿಯವರಿಗೂ ಹೇಳಿದೆ. ಪುಸ್ತಕದಲ್ಲೂ ಹಾಗೇ ಇದೆಯಲ್ಲ, ನಾನು ಎರಡು ಸಲ ಓದಿದ್ದೇನೆ ಎಂದರು ಆಕೆ. ನಾನು ಬಿಡಲಿಲ್ಲ. ನಮ್ಮಕ್ಕ ಒಂದು ಸಾಲೂ ಬಿಡದೆ ಓದಿದ್ದಾಳೆ ಎಂದು ಜೋರು ಮಾಡಿದೆ. ಆಕೆ ನನ್ನ ಮುಖ ನೋಡಿ, ಅಳತೆಯ ಬ್ಲೌಸ್ ಇಟ್ಟು ಹೋದರು.

ಅವತ್ತೇ ಟ್ರಂಕಿನಿಂದ ಪುಸ್ತಕ ತೆಗೆದೆ. ಬೆರಳಿಟ್ಟುಕೊಂಡು ಅಕ್ಷರ ಕೂಡಿಸಿ ಓದಿದೆ. ಕೊನೆಯ ಅಧ್ಯಾಯಕ್ಕೆ ನಾಲ್ಕು ಮಧ್ಯಾಹ್ನ ಹಿಡಿಯಿತು. ಬಾಯಿಯವರು ಹೇಳಿದ್ದೇ ನಿಜ. ಸಾಯುವ ಮೊದಲು ಸೂಲಗಿತ್ತಿ ತಂಗಿಯನ್ನು ಕರೆದು, ನೀವೆಲ್ಲ ಮುಚ್ಚಿಟ್ಟಿದ್ದು ನನಗೆ ಗೊತ್ತಿದೆ, ಹೊರಗೆ ಹೋಗಿ ಅಳಬೇಡ, ನನ್ನ ಹತ್ತಿರವೇ ಕೂತು ಅಳು ಎನ್ನುತ್ತಾಳೆ. ಆಮೇಲೆ ಏಳು ಪುಟ ಇಬ್ಬರೂ ಮಾತಾಡುತ್ತಾರೆ. ಚಿಕ್ಕಂದಿನದು, ತಪ್ಪು ಮಾಡಿದ್ದು, ತಾಯಿಯನ್ನು ನೋಡಿಕೊಳ್ಳಬೇಕಾದದ್ದು. ಆ ಏಳೂ ಪುಟವನ್ನು ಅಕ್ಕ ನನ್ನೆದುರೇ ಓದಿಕೊಂಡು, ನನಗೆ ಹೇಳದೆ ಒಂದೊಂದಾಗಿ ಮಗುಚಿದ್ದಳು. ಓದುವುದು ನಿಧಾನವಾಗಿದೆ, ಸುಸ್ತಾಗಿದೆ ಎಂದು ನಾನು ತಿಳಿದಿದ್ದೆ.

ಸತ್ತವರನ್ನು ಎಬ್ಬಿಸುವ ಕಥೆಗಾರರನ್ನು ಬೈಯುತ್ತಿದ್ದವಳು ಇದೊಂದನ್ನು ಬದಲಿಸಿದಳೆಂದರೆ ಅವಳಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿಲ್ಲದವಳಂತೆ ನಮ್ಮ ಗುಳಿಗೆ ನುಂಗಿದಳು. ನಾನು ಬಾಯಿಬಿಟ್ಟಿದ್ದರೆ ಅವಳೂ ಬಿಡುತ್ತಿದ್ದಳು. ನಮಗೂ ಆಡಿಕೊಳ್ಳಲು ಬೇಕಾದಷ್ಟು ಇತ್ತು. ಅವಳು ಒಬ್ಬಳೇ ಅಂಜಿಕೊಂಡು ಮಲಗಿದ್ದಾಗ ನಾನು ಪಕ್ಕದಲ್ಲೇ ಕೂತು ಹುಕ್ಕು ಹಚ್ಚುತ್ತಿದ್ದೆ. ಇದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅಳುತ್ತ ಕೂತಿದ್ದನ್ನು ನೋಡಿ ಅವ್ವ ಬಂದು ಬೆನ್ನ ಮೇಲೆ ಕೈಯಿಟ್ಟಳು. ಅವಳಿಗೆ ಯಾವ ಭಾಷೆಯ ಅಕ್ಷರವೂ ಬರುವುದಿಲ್ಲ.

“ಅಳಬ್ಯಾಡವಾ. ಆಕಿಗಿ ಕಡೀತನಕಾ ಏನೂ ಗೊತ್ತಾಗ್ಲಿಲ್ಲ. ಅದೊಂದರ ನಾವು ಚಲೋ ಮಾಡಿದ್ವಿ.”

“ಹೌದವ್ವಾ, ಗೊತ್ತಾಗ್ಲಿಲ್ಲ” ಎಂದೆ.