ಪೇಷಂಟಣ್ಣನ ಮನೆಯವರು

ವಿಶ್ವವಿದ್ಯಾಲಯದ ಸಂಶೋಧನಾ ನೆರವು ವಿಭಾಗದಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳದ ಪಟ್ಟಿ ಬರೆಯುವವರಿಗೆ ಮಾತ್ರ. ಉಳಿದವರಿಗೆಲ್ಲ ಅವನು ಪೇಷಂಟಣ್ಣ. ರೋಗಿಗಳನ್ನು ಸೇರಿಸಿಕೊಂಡು ಹೊಸ ಔಷಧಿಯ ಅಧ್ಯಯನಕ್ಕೆ ಹೊರಡುವ ಡಾಕ್ಟರು, ನರ್ಸುಗಳು ಮೊದಲು ಅಲ್ಲಿ ಮೂರು ದಿನದ ತರಬೇತಿ ಮುಗಿಸಬೇಕು. ಮೂರನೆಯ ದಿನ ಒಬ್ಬ ರೋಗಿಯ ಎದುರು ಕೂತು, ಅಧ್ಯಯನ ಯಾತಕ್ಕೆ, ಅಪಾಯ ಏನು, ಒಲ್ಲೆ ಎಂದರೂ ಚಿಕಿತ್ಸೆ ತಪ್ಪುವುದಿಲ್ಲ ಎಂಬುದನ್ನೆಲ್ಲ ಬಿಡಿಸಿ ಹೇಳಿ, ಒಪ್ಪಿಗೆ ಪತ್ರಕ್ಕೆ ಸಹಿ ಕೇಳುವುದನ್ನು ಕಲಿಯಬೇಕು. ಆ ರೋಗಿಯೇ ಪೇಷಂಟಣ್ಣ. 'ರೋಗಿ' ಎಂದು ಬರೆದ ರಟ್ಟಿನ ಬಿಲ್ಲೆಯನ್ನು ಅಂಗಿಗೆ ಸಿಕ್ಕಿಸಿಕೊಂಡನೆಂದರೆ ಅವನು ಪಾತ್ರಕ್ಕೆ ಇಳಿದ. ಬಿಲ್ಲೆ ತೆಗೆದನೆಂದರೆ ಅಭ್ಯಾಸ ಮುಗಿಯಿತು.

ಅದಕ್ಕೆ ಮೊದಲು ಇಪ್ಪತ್ತಾರು ವರ್ಷ ಅವನು ಪಕ್ಕದ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಿದ್ದ. ಮೇಲೆ ಹೋಗುವಾಗ ಜನ ಏನು ಮಾತಾಡುತ್ತಾರೆ, ಕೆಳಗೆ ಬರುವಾಗ ಏನು ನುಂಗಿಕೊಳ್ಳುತ್ತಾರೆ ಎನ್ನುವುದು ಅವನಷ್ಟು ಯಾವ ಡಾಕ್ಟರಿಗೂ ತಿಳಿದಿರಲಿಲ್ಲ. ಜನರೇ ಗುಂಡಿ ಒತ್ತಿಕೊಳ್ಳುವ ಹೊಸ ಲಿಫ್ಟ್ ಬಂದಾಗ ಅವನ ಸ್ಟೂಲನ್ನು ಎತ್ತಿ ಉಗ್ರಾಣಕ್ಕೆ ಹಾಕಿದರು. ತರಬೇತಿ ನಡೆಸುವ ಮೇಡಂ ಅವನನ್ನು ಕರೆದು ಈ ಕೆಲಸ ಕೊಟ್ಟಳು. ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು, ಅವನು ಅವಳನ್ನು ತಂಗಿ ಎನ್ನುತ್ತಿದ್ದ. ಒಟ್ಟಿಗೆ ಹುಟ್ಟಿದವರೇನಲ್ಲ, ಆರು ವರ್ಷ ಒಟ್ಟಿಗೆ ಕೂತು ಕಾಫಿ ಕುಡಿದವರು.

ಪಾತ್ರಕ್ಕೆ ಒಂದು ಮನೆ ಬೇಕಲ್ಲ. ಮೇಡಂ ಬರೆದುಕೊಟ್ಟ ಹಾಳೆಯಲ್ಲಿ 'ಹೆಂಡತಿ, ಇಬ್ಬರು ಹೆಣ್ಣುಮಕ್ಕಳು' ಎಂದಷ್ಟೇ ಇತ್ತು. ಆರು ವರ್ಷದಲ್ಲಿ ಪೇಷಂಟಣ್ಣ ಅವರನ್ನೆಲ್ಲ ಬೆಳೆಸಿಬಿಟ್ಟ. ದೊಡ್ಡವಳು ನರ್ಸಿಂಗ್ ಸೇರಿದಳು. ಚಿಕ್ಕವಳು ಮಹಾ ಹಠಮಾರಿ, ಅಪ್ಪ ಬರದೆ ತುತ್ತು ಎತ್ತುವವಳಲ್ಲ. ಹೆಂಡತಿಗೆ ಮಂಡಿನೋವು. ರೋಗ ಪ್ರತಿ ಸಲ ಬದಲಾಗುತ್ತಿತ್ತು, ಸಂಸಾರ ಮಾತ್ರ ಅದೇ. ಆದರೆ ಅವನ ನಿಜವಾದ ಮನೆ ಇಸ್ತ್ರಿ ಅಂಗಡಿಯ ಮೇಲಿನ ಒಂದು ಕೋಣೆ. ಬಿಸಿ ಬಟ್ಟೆಯ ವಾಸನೆ ದಿನವಿಡೀ ನೆಲದಿಂದ ಏಳುತ್ತಿತ್ತು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲೇ ಅವನ ಮದುವೆಯ ವಯಸ್ಸು ದಾಟಿಹೋಗಿತ್ತು. ತಾಯಿ ಹೋಗಿ ಎಂಟು ವರ್ಷ. ಆಮೇಲೆ ಆ ಕೋಣೆಯಲ್ಲಿ ಮಾತಾಡಿದ್ದೆಂದರೆ ರೇಡಿಯೋ.

ಅವನ ಕಾಯಿಲೆ ಎಲ್ಲರ ಕಣ್ಣೆದುರಿಗೇ ಶುರುವಾಯಿತು, ಆದರೆ ಯಾರಿಗೂ ಕಾಣಿಸಲಿಲ್ಲ. ತರಬೇತಿಗೆ ಬಂದವರು ಎರಡು ತಿಂಗಳು ಅವನ ಕೆಮ್ಮನ್ನು ಹೊಗಳಿದರು. "ಕೆಮ್ಮು ಬಹಳ ಸಹಜವಾಗಿತ್ತು" ಎಂದು ಒಬ್ಬಳು ಅಭಿಪ್ರಾಯದ ಹಾಳೆಯಲ್ಲಿ ಬರೆದೂ ಬಿಟ್ಟಳು. ಸಂಜೆ ಆ ಹಾಳೆಗಳನ್ನು ಜೋಡಿಸುತ್ತಿದ್ದ ಮೇಡಂ ಅಲ್ಲಿಗೆ ನಿಂತಳು. ಆ ದಿನ ಅವನ ಪಾತ್ರಕ್ಕೆ ಇದ್ದದ್ದು ಸಕ್ಕರೆ ಕಾಯಿಲೆ. ಅದರಲ್ಲಿ ಕೆಮ್ಮೇ ಇರಲಿಲ್ಲ. ಮರುದಿನ ಅವನು ಎಷ್ಟು ಬೇಡವೆಂದರೂ ಬಿಡದೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಶ್ವಾಸಕೋಶದಲ್ಲಿ ಗಂಟು ಎಂದರು. ಮಾಮೂಲಿ ಔಷಧಿಯಿಂದ ಹೆಚ್ಚು ದಿನ ತಳ್ಳಲಾಗದು, ಹೊಸ ಮಾತ್ರೆಯ ಒಂದು ಅಧ್ಯಯನ ನಡೆಯುತ್ತಿದೆ, ಅದರಲ್ಲಿ ಇನ್ನೂ ಜಾಗ ಇದೆ ಎಂದರು.

ಆ ಅಧ್ಯಯನದ ಡಾಕ್ಟರು ಎರಡು ವರ್ಷದ ಹಿಂದೆ ಪೇಷಂಟಣ್ಣನ ಎದುರಿಗೇ ಕೂತು ಬೆವರುತ್ತಾ ಕಲಿತಿದ್ದ ಹುಡುಗ. ಈಗ ಬೆವರಲಿಲ್ಲ. ಬಾಗಿಲು ಮುಚ್ಚಿದರು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು, ಒಂದೊಂದು ಸಾಲಿಗೂ ನಿಂತು ಅರ್ಥವಾಯಿತೇ ಎಂದು ಕೇಳಿದರು. ಹುಡುಗ ಚೆನ್ನಾಗಿ ಕಲಿತಿದ್ದಾನೆ ಎಂದು ಪೇಷಂಟಣ್ಣನಿಗೆ ಒಳಗೊಳಗೇ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಮೈಮರೆತ. ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಎಂದು ಡಾಕ್ಟರು ಕೇಳಿದಾಗ ನಾಲಿಗೆ ತನ್ನಷ್ಟಕ್ಕೆ ತಾನೇ ಹೇಳಿತು: ಹೆಂಡತಿ, ಇಬ್ಬರು ಹೆಣ್ಣುಮಕ್ಕಳು.

"ದೊಡ್ಡ ಮಗಳದ್ದು ನರ್ಸಿಂಗ್ ಮುಗೀತಾ?" ಡಾಕ್ಟರು ಬರೆಯುತ್ತಲೇ ಕೇಳಿದರು.

ಅವನ ಕೈ ಎದೆಯ ಮೇಲೆ ಬಿಲ್ಲೆಯನ್ನು ತಡಕಿತು. ಅಲ್ಲಿ ಬರೀ ಗುಂಡಿ. ಈ ಡಾಕ್ಟರು ಎರಡು ವರ್ಷದಿಂದ ಆ ಸಂಸಾರವನ್ನು ನಿಜವೆಂದೇ ನಂಬಿದ್ದರು.

"ಮುಗೀತು" ಎಂದ.

ಹಾಗಾದರೆ ಚಿಂತೆಯಿಲ್ಲ ಎಂದರು ಡಾಕ್ಟರು. ಈ ಮಾತ್ರೆ ಶುರುವಾದ ಹದಿನಾಲ್ಕು ದಿನ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಬಹುದು, ಮನೆಯಲ್ಲಿ ದೊಡ್ಡವರೊಬ್ಬರು ಹಗಲೂ ರಾತ್ರಿ ಇರಲೇಬೇಕು, ಒಂಟಿಯಾಗಿರುವವರನ್ನು ಸೇರಿಸಿಕೊಳ್ಳುವ ಹಾಗಿಲ್ಲ ಎಂದು ವಿವರಿಸಿದರು. ಹೆಂಡತಿಯ ಫೋನ್ ನಂಬರು ಕೇಳಿದರು. ಅವನಿಗೆ ಬಾಯಿಪಾಠ ಇದ್ದದ್ದು ತನ್ನದಲ್ಲದೆ ಒಂದೇ ನಂಬರು, ತಾಯಿಯದು. ಅದನ್ನೇ ಹೇಳಿದ. ಸೋಮವಾರದಿಂದ ಮಾತ್ರೆ ಎಂದು ನಿಶ್ಚಯವಾಯಿತು.

ಒಪ್ಪಿಗೆ ಪತ್ರಗಳ ಪ್ರತಿ ಪರಿಶೀಲನೆಗೆ ಬರುವುದು ಮೇಡಂ ಮೇಜಿಗೆ. ಶುಕ್ರವಾರ ಬೆಳಿಗ್ಗೆ ಅವನು ಅವಳ ಕೋಣೆಗೆ ಹೋದಾಗ ಅವನ ಪತ್ರ ಅವಳ ಮುಂದೆಯೇ ಇತ್ತು. ನಿನ್ನೆಯೇ ಬಂದಿದ್ದರೂ ಅವಳು ಅದಕ್ಕೆ ಮೊಹರು ಒತ್ತಿರಲಿಲ್ಲ, ವಾಪಸ್ಸೂ ಕಳಿಸಿರಲಿಲ್ಲ.

"ಅದು ನಾನು ಹೇಳಿದ್ದಲ್ಲ ತಂಗಿ, ಬಿಲ್ಲೆ ಹೇಳಿದ್ದು."

"ಬಿಲ್ಲೆ ಹಾಕ್ಕೊಂಡಿರ್ಲಿಲ್ಲ ನೀವು."

"ಅಲ್ಲೇ ಎಡವಟ್ಟಾಗಿದ್ದು."

ಇಬ್ಬರೂ ಸ್ವಲ್ಪ ನಕ್ಕರು. ನಗುವಿನಿಂದ ಅವನಿಗೆ ಕೆಮ್ಮು ಬಂತು. ಅದು ನಿಲ್ಲುವವರೆಗೆ ಅವಳು ಕಿಟಕಿಯ ಕಡೆ ನೋಡಿದಳು. ಆಮೇಲೆ, ತಾನೇ ರಜೆ ಹಾಕಿ ಬಂದು ಹದಿನಾಲ್ಕು ದಿನ ಇರುತ್ತೇನೆ ಎಂದಳು. ಅಧ್ಯಯನವನ್ನು ತಪಾಸಣೆ ಮಾಡುವ ವಿಭಾಗದವರು ರೋಗಿಯ ಕಡೆಯವರಾಗಿ ನಿಲ್ಲಬಾರದು ಎಂಬ ನಿಯಮ ಇದೆ ಎಂದು ಅವನು ನೆನಪಿಸಿದ. ಆ ಪಾಠ ಮಾಡುವವಳೇ ಅವಳು. ಕೆಳಗಿನ ಇಸ್ತ್ರಿಯವನನ್ನು ಕೇಳೋಣ ಎಂದಳು. ಅವನಿಗೇ ಪಾರ್ಶ್ವವಾಯು ಬಡಿದ ಅಪ್ಪ ಮನೆಯಲ್ಲಿದ್ದಾರೆ ಎಂದ. ಅವಳು ಪತ್ರವನ್ನು ಮಗುಚಿಟ್ಟು, ದನಿ ತಗ್ಗಿಸಿದಳು.

"ನಾನಿದನ್ನ ಓದಿಲ್ಲ ಅಣ್ಣ. ಸೋಮವಾರ ಹೋಗಿ ಮಾತ್ರೆ ತಗೊಳ್ಳಿ."

ಅವನು ಮಗುಚಿಟ್ಟ ಪತ್ರವನ್ನು ಮತ್ತೆ ನೆಟ್ಟಗೆ ತಿರುಗಿಸಿದ. ಬದುಕುವ ಆಸೆ ಅವನಿಗೂ ಇತ್ತು. ಇಲ್ಲದಿದ್ದರೆ ಆ 'ಮುಗೀತು' ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ.

"ನಾನು ಬಿದ್ರೆ ಆ ಹುಡುಗ ಇಲ್ಲದ ನಂಬರಿಗೆ ಫೋನ್ ಮಾಡ್ತಾ ಕೂತಿರ್ತಾನೆ" ಎಂದ ಕೊನೆಗೆ. "ಅವನ ತಲೆ ಮೇಲೆ ಬರುತ್ತೆ ತಂಗಿ. ಆಮೇಲೆ ನಿನ್ನ ತಲೆ ಮೇಲೆ."

ಅವನೇ ಹೋಗಿ ಡಾಕ್ಟರಿಗೆ ಹೇಳಿದ. ಡಾಕ್ಟರು ಮೊದಲು ತಮಾಷೆ ಎಂದುಕೊಂಡರು. ತಮಾಷೆಯಲ್ಲ ಎಂದು ತಿಳಿದಾಗ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದರು. ಇಂಥ ಪತ್ರಗಳಲ್ಲಿ ತಪ್ಪಾದರೆ ಬಿಳಿ ಬಣ್ಣ ಬಳಿದು ಮುಚ್ಚುವ ಹಾಗಿಲ್ಲ. ಒಂದೇ ಒಂದು ಗೆರೆ ಎಳೆದು ಪಕ್ಕದಲ್ಲಿ ತಾರೀಖು ಹಾಕಿ ಸಹಿ ಮಾಡಬೇಕು, ಕೆಳಗಿನ ಅಕ್ಷರ ಓದಲು ಬರುತ್ತಿರಬೇಕು. ಡಾಕ್ಟರು ಹಾಗೇ ಮಾಡಿದರು. ಗೆರೆಯ ಕೆಳಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಸ್ಪಷ್ಟವಾಗಿ ಕಾಣುತ್ತಿದ್ದರು. ಗೆರೆಯ ಮೇಲೆ ಡಾಕ್ಟರು 'ಯಾರೂ ಇಲ್ಲ' ಎಂದು ಬರೆದರು. ಪೇಷಂಟಣ್ಣ ಎದ್ದು, ಮೆಟ್ಟಿಲಿಳಿದು ಮನೆಗೆ ನಡೆದ. ಲಿಫ್ಟ್ ಹತ್ತಲಿಲ್ಲ.

ಮಾಮೂಲಿ ಔಷಧಿ ಶುರುವಾಯಿತು. ಮೈಯಲ್ಲಿ ಶಕ್ತಿ ಇದ್ದ ದಿನ ಬಂದು ಬಿಲ್ಲೆ ಸಿಕ್ಕಿಸಿಕೊಂಡು ಕೂರುತ್ತಿದ್ದ. ಚಿಕ್ಕವಳ ಹಠ ಹಾಗೇ ಇತ್ತು. ಇತ್ತ ಮೇಡಂ ಅಧ್ಯಯನಗಳಿಗೆ ಮಂಜೂರಾತಿ ಕೊಡುವ ಸಮಿತಿಗೆ ಪತ್ರದ ಮೇಲೆ ಪತ್ರ ಬರೆದಳು: ಒಂಟಿಯಾಗಿರುವವರನ್ನು ಹೊರಗಿಡುವ ಬದಲು ಆ ಹದಿನಾಲ್ಕು ದಿನ ವಾರ್ಡಿನಲ್ಲಿ ಇಟ್ಟುಕೊಳ್ಳಬಹುದಲ್ಲ ಎಂದು. ಡಾಕ್ಟರೂ ಸಹಿ ಹಾಕಿದರು. ಹಾಸಿಗೆ ಎಲ್ಲಿಂದ ತರುವುದು, ನರ್ಸು ಯಾರು ಎಂದು ಸಭೆಗಳು ನಡೆದವು. ಸಮಿತಿ ಒಪ್ಪಿ, ಒಪ್ಪಿಗೆ ಪತ್ರಕ್ಕೆ ಸೇರಿಸುವ ಹೊಸ ಸಾಲಿನ ಕರಡು ತಯಾರಿಸಿ ಎನ್ನುವಷ್ಟರಲ್ಲಿ ಹನ್ನೊಂದು ವಾರ ಕಳೆದಿತ್ತು. ಅಷ್ಟರಲ್ಲಿ ಗಂಟು ಬೆಳೆದಿತ್ತು. ಅದರ ಗಾತ್ರ ಇಂತಿಷ್ಟೇ ಇರಬೇಕು ಎಂಬ ನಿಯಮದ ಇನ್ನೊಂದು ಸಾಲು ಅವನನ್ನು ಹೊರಗಿಟ್ಟಿತು.

ಕರಡನ್ನು ಅವಳು ಅವನ ಆಸ್ಪತ್ರೆಯ ಮಂಚಕ್ಕೇ ತಂದಳು. ತೋರಿಸುವುದೋ ಬೇಡವೋ ಎಂದು ವರಾಂಡದಲ್ಲಿ ಎರಡು ಸಲ ಹೋಗಿ ಬಂದು ಮಾಡಿದ್ದಳು. ಅವನು ನಿಧಾನವಾಗಿ ಓದಿದ. 'ಮನೆಯಲ್ಲಿ ಯಾರೂ ಇಲ್ಲದವರನ್ನು ಹದಿನಾಲ್ಕು ದಿನ ವಾರ್ಡಿನಲ್ಲಿ ಇರಿಸಿಕೊಳ್ಳಲಾಗುವುದು.'

"ಯಾರೂ ಇಲ್ಲದವರು ಅಂತ ಬೇಡ" ಎಂದ.

"ಮತ್ತೆ?"

"ಒಬ್ಬರೇ ಇರೋರು ಅಂತ ಹಾಕು."

ಎರಡೂ ಒಂದೇ ಅಲ್ಲವೇ ಎಂದಳು.

"ಅಲ್ಲ. ಅದನ್ನ ಅವರ ಮುಂದೇನೇ ಗಟ್ಟಿಯಾಗಿ ಓದ್ತಾರೆ ಡಾಕ್ಟ್ರು. ನನಗೆ ಗೊತ್ತು ಹೆಂಗಿರುತ್ತೆ ಅಂತ."

ಅವಳು ಪೆನ್ನು ತೆಗೆದು ಅಲ್ಲೇ ತಿದ್ದಿದಳು. ಅವನು ತೀರಿಕೊಂಡ ಒಂಬತ್ತನೆಯ ದಿನ ಆ ಹಾಳೆ ಮಂಜೂರಾಗಿ ಬಂತು. ಅದರ ಪ್ರಕಾರ ಮೊದಲು ವಾರ್ಡಿಗೆ ಸೇರಿದವಳು ಬಟ್ಟೆ ಹೊಲಿಯುವ ಹೆಂಗಸು. ಎರಡು ಚೀಲ ತುಂಬ ಅಂಚು ಮಡಚಿ ಹೊಲಿಯುವ ಕೆಲಸ ಹೊತ್ತು ತಂದಿದ್ದಳು. ಹದಿನಾಲ್ಕು ದಿನದಲ್ಲಿ ಎಲ್ಲ ಮುಗಿದೀತು ಎಂದು ನರ್ಸಿಗೆ ಹೇಳಿ, ದೀಪದ ಹತ್ತಿರದ ಮಂಚ ಕೇಳಿದಳು.