ಕೋಟು ಹೋಗಿ ಕೋಣ ಬಂತು

ಕಳೆದ ಭಾನುವಾರ ನಾನು ಅಕ್ಕನ ಮಗಳ ಮದುವೆಯನ್ನು ಮುರಿದೇಬಿಡುತ್ತಿದ್ದೆ. ಜಗಳವಾಡಿ ಅಲ್ಲ, ಸ್ವಾಮಿ. ಬರೀ ಓದಿ!

ನಾನು ಜಮಖಂಡಿಯಲ್ಲಿ ಕನ್ನಡ ಮಾಸ್ತರ. ವಯಸ್ಸು ನಲವತ್ತಾರು. ಒಂದು ವರ್ಷದಿಂದ ಅಕ್ಷರಗಳು ನನ್ನ ಜೊತೆ ಮಾತು ಬಿಟ್ಟಿವೆ. ಪೇಪರನ್ನು ಹತ್ತಿರ ಹಿಡಿದರೆ ಬರೀ ಇರುವೆ ಸಾಲು. ದೂರ ಹಿಡಿಯೋಣವೆಂದರೆ ಕೈ ಸಾಲುವುದಿಲ್ಲ. ಕ್ಲಾಸಿನಲ್ಲಿ ಪಾಠವನ್ನು ಮಕ್ಕಳಿಂದಲೇ ಓದಿಸುತ್ತೇನೆ. (ಅವರ ಉಚ್ಚಾರ ಸುಧಾರಿಸಲಿ ಎಂದು ಹೆಡ್‌ಮಾಸ್ತರರಿಗೆ ಹೇಳಿದ್ದೇನೆ.)

“ಒಂದು ಚಾಳೀಸು ತಗೋಬಾರದೇನ್ರಿ?” ಎಂದು ಹೆಂಡತಿ ಗಿರಿಜಾ ಹೇಳುತ್ತಲೇ ಇದ್ದಳು.

“ನನಗೇನಾಗೇತಿ? ಪೇಪರಿನವರ ಅಕ್ಷರ ಸಣ್ಣ ಮಾಡ್ಯಾರ.”

ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಅನ್ನುತ್ತಾರೆ. ಚಾಳೀಸ್ ಅಂದರೆ ನಲವತ್ತು. ವಯಸ್ಸನ್ನು ಮೂಗಿನ ಮೇಲೆ ಬರೆದುಕೊಂಡು ಊರೆಲ್ಲ ಅಡ್ಡಾಡಲು ಯಾರಿಗೆ ಇಷ್ಟ?

ಇರಲಿ. ಭಾನುವಾರ ಬನಹಟ್ಟಿಯಲ್ಲಿ ಅಕ್ಕನ ಮನೆಯಲ್ಲಿ ನಿಶ್ಚಯ. ಗಂಡಿನವರು ಬೀಳಗಿಯವರು. ಹುಡುಗ ಒಳ್ಳೆಯವ, ನೌಕರಿಯೂ ಇದೆ. ನಾಲ್ಕು ಕಡೆ ನೋಡಿ ಸಾಕಾದ ಮೇಲೆ ಕೂಡಿಬಂದ ಸಂಬಂಧ. ಮದುವೆಗೆ ಯಾರು ಏನು ಕೊಡಬೇಕೆಂಬ ಯಾದಿಯನ್ನು ನಮ್ಮ ಭಾವನೇ ಬರೆದಿದ್ದ. ಇನ್ನು ಎಲ್ಲರ ಮುಂದೆ ಅದನ್ನು ಓದಬೇಕು.

“ಕನ್ನಡ ಮಾಸ್ತರ ಇರೂ ಹೊತ್ತಿನ್ಯಾಗ ಬ್ಯಾರೇದವರು ಯಾಕ?” ಎಂದು ಭಾವ ಹಾಳೆಯನ್ನು ನನ್ನ ಕೈಗೇ ಕೊಟ್ಟ.

ಗಿರಿಜಾ ದೂರದಿಂದ ಕಣ್ಣಲ್ಲೇ ‘ಬ್ಯಾಡ’ ಅಂದಳು. ದೂರದ್ದು ನನಗೆ ಚೆನ್ನಾಗಿಯೇ ಕಾಣುತ್ತದೆ. ಆದರೂ ಎದೆಯುಬ್ಬಿಸಿ ನಿಂತೆ.

“ವರನಿಗೆ ಒಂದು ಉಂಗುರ. ಒಂದು ಕೈಗಡಿಯಾರ. ಒಂದು ಕೋಣ.”

ಮೂಲೆಯಿಂದ ಯಾರೋ ಕೇಳಿದರು: “ಅದನ್ನ ಮೇಯಿಸಾವರು ಯಾರ್ರೀ?” ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಕೋಟು ಇದ್ದದ್ದು ಕೋಣವಾಗಿತ್ತು.

ಅಲ್ಲಿಗೆ ನಿಲ್ಲಿಸಬೇಕೋ ಬೇಡವೋ? ನಿಲ್ಲಿಸಲಿಲ್ಲ.

“ವಧುವಿಗೆ, ವರನ ಕಡೆಯಿಂದ, ಒಂಬತ್ತು ಸೀರೆ.”

ಈ ಸಲ ಯಾರೂ ನಗಲಿಲ್ಲ. ವರನ ತಂದೆ ಶಿವಪ್ಪ ಎದ್ದು ನಿಂತರು.

“ಮಾತು ಆರಕ್ಕ ಆಗಿತ್ತು. ಹಾಳ್ಯಾಗ ಒಂಬತ್ತು ಹೆಂಗ ಆತ್ರಿ? ಮಾತು ತಿರುಗಿಸೂ ಮಂದಿ ಜೋಡಿ ನಮಗ ಬೀಗತನ ಬ್ಯಾಡ!”

“ನಾ ಆರೇ ಬರದೇನ್ರಿ!” ಎಂದು ಭಾವ ಕೂಗಿದ.

“ಹಂಗಾರ ಮಾಸ್ತರು ಸುಳ್ಳು ಓದತಾರೇನು?”

ನಾನು ಹಾಳೆಯನ್ನು ಮುಂದೆ ಚಾಚಿದೆ, ಹಿಂದೆ ಎಳೆದೆ, ಬೆಳಕಿಗೆ ತಿರುಗಿಸಿದೆ. ೬ ಇದೆಯೋ ೯ ಇದೆಯೋ, ಆ ದೇವರಿಗೇ ಗೊತ್ತು. ಶಿವಪ್ಪನವರು ಹೊರಡಲು ಟೊಪ್ಪಿಗೆ ತಲೆಗೇರಿಸಿದರು. ಅಕ್ಕನ ಕಣ್ಣಲ್ಲಿ ನೀರು. ಬಾಗಿಲ ಸಂದಿಯಲ್ಲಿ ಅಕ್ಕನ ಮಗಳು ಸುಶೀಲಾಳ ಮುಖ ಬಿಳಿಚಿಕೊಂಡಿತ್ತು. ಅವಳನ್ನು ನೋಡಿದಾಗ ನನಗೆ ಖರೇನೇ ಹೆದರಿಕೆಯಾಯಿತು. ‘ನನಗ ಕಾಣಸಂಗಿಲ್ರಿ’ ಎಂಬ ಎರಡು ಶಬ್ದ ಹೇಳುವುದು ಬಿಟ್ಟು ಹಾಳೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದೆ.

ಆಗ ಶಿವಪ್ಪನವರ ತಾಯಿ ನೀಲವ್ವ ಕೈ ಚಾಚಿದರು. ವಯಸ್ಸು ಎಂಬತ್ತರ ಹತ್ತಿರ. ಹಾಳೆಯನ್ನು ಮೂಗಿಗೆ ತಾಗಿಸಿಕೊಂಡು ಮೇಲಿಂದ ಕೆಳಗಿನವರೆಗೆ ಓದಿದರು.

“ಇದು ಆರು ಐತಿ. ಇದು ಕೋಟು ಐತಿ. ಮಾಸ್ತರಗ ಕಣ್ಣು ಹೋಗ್ಯಾವ, ಮಂದಿ ಏನೂ ಕೆಟ್ಟಿಲ್ಲ. ಕುಂಡ್ರೋ ಶಿವಪ್ಪ.”

ಶಿವಪ್ಪ ಕುಳಿತರು. ನಾನು ಕೊನೆಗೆ ಬಾಯಿ ಬಿಟ್ಟು ತಪ್ಪೊಪ್ಪಿಕೊಂಡೆ. ಸಂಬಂಧ ಗಟ್ಟಿಯಾಯಿತೆಂದು ಸಕ್ಕರೆ ಹಂಚಿದರು. ಸುಶೀಲಾ ಬಂದು ಕಾಲಿಗೆರಗಿ, “ಮಾಮಾ, ಲಗ್ನದಾಗ ನೀವು ಏನೂ ಓದಬ್ಯಾಡ್ರಿ” ಎಂದು ಮೆಲ್ಲಗೆ ಹೇಳಿದಳು. ಆಶೀರ್ವಾದ ಮಾಡುವ ಸರದಿ ಯಾರದೋ ತಿಳಿಯಲಿಲ್ಲ.

ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಎರಡು ದಿನಕ್ಕೆ ಚಾಳೀಸು ಬಂತು. ಮಧ್ಯಾಹ್ನ ಅದನ್ನು ಹಾಕಿಕೊಂಡೇ ಊಟಕ್ಕೆ ಕೂತೆ. ಅನ್ನದಲ್ಲಿ ಮೂರು ಹರಳು!

“ಅಕ್ಕಿ ಹಸನು ಮಾಡಿಲ್ಲೇನು?”

“ಮಾಡೇನಲ್ರಿ! ನಿಮಗ ಚಾಳೀಸು ಬಂದ ಮ್ಯಾಲ ತಪ್ಪು ಕಾಣಾಕತ್ತಾವ.”

ನಾನು ಚಾಳೀಸು ತೆಗೆದು ಅವಳ ಮೂಗಿನ ಮೇಲಿಟ್ಟೆ. (ಅವಳಿಗೂ ನಲವತ್ತೆರಡು.) ತಟ್ಟೆ ನೋಡಿ ಹರಳುಗಳನ್ನು ಒಂದೊಂದಾಗಿ ಆರಿಸಿ ತೆಗೆದಳು. ಆಮೇಲೆ ತಲೆಯೆತ್ತಿ ನನ್ನ ಮುಖವನ್ನೇ ಬಹಳ ಹೊತ್ತು ದಿಟ್ಟಿಸಿದಳು.

“ಅಯ್ಯ ಶಿವನ! ನೀವು ಯಾವಾಗ ಇಷ್ಟು ಮುದುಕ ಆದ್ರಿ?”

ಈಗ ಹೇಳಿ, ನಲವತ್ತು ದಾಟಿದ ಗಂಡ ಹೆಂಡತಿಗೆ ಹತ್ತಿರದ್ದೇ ಮೊದಲು ಮಸುಕಾಗುವಂತೆ ದೇವರು ಮಾಡಿದ್ದು ಸುಮ್ಮನೇನಾ?