ತಹಮೀನಾಳ ಭಾಷೆ ಒಪ್ಪದ ಜೋಡಣೆ

ಖಾನಾಪುರ ಪೇಟೆಯ ಹೊಲಿಗೆಯ ಸನಾಉಲ್ಲಾನ ಮಗಳು ತಹಮೀನಾ ಬೆಳಗಿನ ರೈಲಿಗೆ ಬೆಳಗಾವಿಗೆ ಬರುತ್ತಿದ್ದಳು. ಖಾಸಬಾಗದ ಹಿಂದಿನ ಕಾರ್ಖಾನೆಯಲ್ಲಿ, ತಗಡು ಒತ್ತುವ ಯಂತ್ರಗಳನ್ನು ನಡೆಸುವ ಚಿಪ್‌ಗಳ ವಿನ್ಯಾಸ ಬರೆಯುವುದು ಅವಳ ಕೆಲಸ. ಅದಕ್ಕೆ ಅವಳು ಹೊಸದೊಂದು ಪ್ರೋಗ್ರಾಮಿಂಗ್ ಭಾಷೆ ಆರಿಸಿಕೊಂಡಿದ್ದಳು. ಅದರಲ್ಲಿ ಚಿಪ್‌ನ ಒಂದೊಂದು ಭಾಗವೂ ಮಾತು ಕೊಡಬೇಕು: ನಾನು ಕಳಿಸುವ ಸುದ್ದಿ ಇಷ್ಟು ಹೊತ್ತು ಮಾತ್ರ ನಿಜ. ಆ ಹೊತ್ತು ಮೀರಿ ಇನ್ನೊಂದು ಭಾಗ ಅದನ್ನು ಓದಲು ಹೋದರೆ ಭಾಷೆ ಜೋಡಣೆಯನ್ನೇ ಒಪ್ಪುವುದಿಲ್ಲ. ನಿನ್ನೆ ಹರಿದುಹೋದ ಮಲಪ್ರಭೆಯಲ್ಲಿ ಇಂದು ಕೊಡ ಅದ್ದಲಾಗದ ಹಾಗೆ.

ಹೊಸ ಯಂತ್ರವೊಂದರ ಚಿಪ್ ಬರೆದಾಗಲೂ ಭಾಷೆ ಒಪ್ಪಲಿಲ್ಲ. ಯಂತ್ರ ಇಳಿಯಬೇಕಾದರೆ ನಡೆಸುವವರ ಎರಡೂ ಕೈ ಎರಡು ಗುಂಡಿಗಳ ಮೇಲಿರಬೇಕು. ಮಾಲೀಕ ಗೌರೀಶ ಹೊರಗಿನಿಂದ ಕೊಂಡು ತಂದ ಭಾಗವೋ, ಕೈ ತೆಗೆದ ಮೇಲೂ, ಕೈ ಇದೆ ಎಂಬ ಹಳೆಯ ಸುದ್ದಿಯನ್ನೇ ಓದುತ್ತಿತ್ತು.

ಗೌರೀಶ ಎಲ್ಲರೆದುರು ನಕ್ಕ. "ಇವರ ಭಾಷಿನೂ ಇವರಂಗ ನೋಡ್ರಿ. ಬಂದ ವರಾ ಎಲ್ಲಾ ಬ್ಯಾಡಂತೈತಿ."

ಇಡೀ ಕೋಣೆ ನಕ್ಕಿತು. ಮೂವತ್ತಾರರ ತಹಮೀನಾ ನಗಲಿಲ್ಲ. "ಒಳಗ ಕೈ ಇದ್ದಾಗ ಯಂತ್ರ ಇಳೀತೈತ್ರಿ ಸರ್."

"ಗಿರಾಕಿ ಸೋಮವಾರ ಬರ್ತಾರ. ನಿಮ್ಮ ಭಾಷಿಗೆ ಗಂಡ ಸಿಗೂತನಾ ಅವರು ಕುಂದರಬೇಕೇನು?"

ಏನನ್ನೂ ಕೇಳದ ಹಳೆಯ ಭಾಷೆಯಲ್ಲಿ ಅವನು ಅದೇ ಭಾಗವನ್ನು ಬೇರೆಯವರಿಂದ ಜೋಡಿಸಿಕೊಂಡ. ತಹಮೀನಾ ಮತ್ತೊಮ್ಮೆ ಅವನಿಗೆ ಬರೆದು ತಿಳಿಸಿದಳು, ಇಂಗ್ಲಿಷಿನಲ್ಲಿ, ವಿವರವಾಗಿ. ಉತ್ತರ ಬರಲಿಲ್ಲ. ಅವಳು ಬೇರೆ ಕೆಲಸಕ್ಕೆ ಕೂತಳು.

ಗೋಡೆಯಾಚೆ, ಆ ಚಿಪ್ ಕೂಡಿಸಿದ ಯಂತ್ರ ನಡೆಸುತ್ತಿದ್ದವಳು ಕಾಶವ್ವ. ಒಂದು ಮಧ್ಯಾಹ್ನ ಓರೆಯಾದ ತಗಡನ್ನು ಸರಿಪಡಿಸಲು ಎಡಗೈ ಒಳಗೆ ಚಾಚಿದಳು. ಬಲಗೈ ಗುಂಡಿಯ ಮೇಲೇ ಇತ್ತು. ಯಂತ್ರ ಇಳಿಯಿತು.

"ಆಕಿ ಲಕ್ಷ್ಯ ಇದ್ದಿಲ್ಲ" ಎಂದ ಗೌರೀಶ. ಎಲ್ಲರೂ ಹಾಗೇ ಅಂದರು. ಆಸ್ಪತ್ರೆಯಿಂದ ಮನೆಗೆ ಬಂದ ಕಾಶವ್ವನೂ ಹಾಗೇ ನಂಬಿದ್ದಳು. ಆ ಒಂದು ಭಾರವನ್ನಾದರೂ ಇಳಿಸಬೇಕೆಂದು ತಹಮೀನಾ ಅವಳ ಮನೆಗೆ ಹೋದಳು.

"ತಪ್ಪು ನಿಮ್ದಲ್ಲರಿ ಅಕ್ಕಾರ. ಯಂತ್ರದಾಗ ಇತ್ತು."

ಕಾಶವ್ವನ ಮುಖ ಒಂದು ಗಳಿಗೆ ಅರಳಿತು. "ಖರೇನ? ನಿನಗ ಯಾವಾಗ ತಿಳೀತವಾ?"

"ಮೊದಲ ತಿಳಿದಿತ್ರಿ. ಹೇಳಿದ್ದೆ."

"ಯಾರಿಗೆ?"

"ಸರ್‌ಗೆ."

"ಯಂತ್ರ ಸರ್ ನಡಸ್ತಿದ್ರೇನು?"

ಸೊಸೆ ಆಗಷ್ಟೇ ತಹಮೀನಾಳಿಗೆ ಚಹಾ ತಂದಿದ್ದಳು. ಕಾಶವ್ವ ಅದನ್ನು ಒಳಗೆ ಒಯ್ಯಲು ಹೇಳಿದಳು.